ಉಚ್ಚೆಂಗಪ್ಪ ಅಂಡ್ ಬ್ರದರ್ಸ್‌ಗೆ ಮೂರು ಫೋನು

ದಾವಣಗೆರೆಯ ಹತ್ತಿ ಪೇಟೆಯಲ್ಲಿ ಆಗ ಒಂದು ಫೋನು ಇದ್ದವನು ಸಾಹುಕಾರ, ಎರಡು ಇದ್ದವನು ಮಹಾ ಸಾಹುಕಾರ. ಮೂರು ಇದ್ದವನನ್ನು ಏನೆಂದು ಕರೆಯಬೇಕೆಂದು ಪೇಟೆಗೆ ಗೊತ್ತಿರಲಿಲ್ಲ. ಅಂಥವನು ಇನ್ನೂ ಹುಟ್ಟಿರಲಿಲ್ಲ. ಅರವತ್ತಮೂರನೇ ಇಸವಿಯ ಹತ್ತಿ ಸುಗ್ಗಿಯಲ್ಲಿ ಹುಟ್ಟಿದ. ಹೆಸರು ಉಚ್ಚೆಂಗಪ್ಪ ಅಂಡ್ ಬ್ರದರ್ಸ್.

ಬ್ರದರ್ಸ್ ಎಂದರೆ ಬಹುವಚನ. ಆದರೆ ಉಚ್ಚೆಂಗಪ್ಪನಿಗೆ ಇದ್ದವನು ಒಬ್ಬನೇ ತಮ್ಮ, ಏಕಾಂತಪ್ಪ. ನಾಮಫಲಕ ಬರೆದ ಪೇಂಟರಿಗೆ ಹಲಗೆಯ ಮೇಲೆ ಇನ್ನೂ ಒಂದಕ್ಷರದ ಜಾಗ ಉಳಿದಿತ್ತು, ಅಷ್ಟೆ. ಅಂದಿನಿಂದ ಏಕಾಂತಪ್ಪ ಬೀದಿಗೆ ಬಂದರೆ ಸಾಕು, ‘ಅಂಡ್ ಬ್ರದರ್ಸ್ ಬಂದ್ರಪ್ಪ, ದಾರಿ ಬಿಡ್ರಿ’ ಎಂದು ಪೇಟೆ ನಗುತ್ತಿತ್ತು. ಅವನೂ ನಗುತ್ತಿದ್ದ. ಒಬ್ಬನೇ ಇದ್ದೂ ಬಹುವಚನ ಅನ್ನಿಸಿಕೊಂಡವನಿಗೆ ಮನೆಯಲ್ಲಿ ಮಾತ್ರ ಏಕವಚನವೂ ಗಟ್ಟಿಯಾಗಿ ಸಿಗುತ್ತಿರಲಿಲ್ಲ.

ಅವರ ಜಾಗ ಹೀಗಿತ್ತು. ರಸ್ತೆಗೆ ಮುಖ ಮಾಡಿ ಅಂಗಡಿ, ಅಲ್ಲಿ ಅಣ್ಣನ ಗಾದಿ. ಹಿಂದಿನ ಅಂಗಳ ದಾಟಿದರೆ ಹತ್ತಿಯಿಂದ ಕಾಳು ಬಿಡಿಸುವ ಜಿನ್ನು, ಅಲ್ಲಿ ತಮ್ಮನ ಕುರ್ಚಿ. ಮಗ್ಗುಲಲ್ಲಿ ಮನೆ. ಮನೆಯಲ್ಲಿ ಅವ್ವ ಕೊಟ್ರವ್ವ, ಹಿರಿಸೊಸೆ ನಾಗಕ್ಕ, ಕಿರಿಸೊಸೆ ಯಲ್ಲಕ್ಕ, ಮತ್ತು ಒಂದೇ ಒಲೆ.

ಆ ಒಂದೇ ಒಲೆ ಕೊಟ್ರವ್ವನ ಆಸ್ತಿ. ಕುಕ್ಕುವಾಡದಲ್ಲಿ ಅವಳ ಗಂಡನ ಮನೆ ಒಡೆದಿದ್ದು ಒಂದು ಬೀಸುವ ಕಲ್ಲಿನಿಂದ. ‘ಕಲ್ಲು ಈ ಪಡಸಾಲೆಯಲ್ಲಿ ಇರಲಿ’ ಎಂದು ಒಬ್ಬ ಮೈದುನ ಎತ್ತಿಟ್ಟುಕೊಂಡ. ಆಮೇಲೆ ಒಲೆ ಬೇರೆಯಾಯಿತು, ಆಮೇಲೆ ಗೋಡೆ ಎದ್ದಿತು, ಕೊನೆಗೆ ಅಂಗಳದ ಬೇವಿನ ಮರದ ನೆರಳನ್ನೂ ಹಂಚಿಕೊಂಡರು. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದವಳು ಅವಳು. ಹತ್ತಿ ಮಾರಿ, ಜಿನ್ನು ಕಟ್ಟಿ, ಮಕ್ಕಳಿಗೆ ಮದುವೆ ಮಾಡಿದ ಮೇಲೂ ಅವಳ ಹೆಮ್ಮೆ ಜಿನ್ನಿನದಲ್ಲ. ‘ಈ ಓಣ್ಯಾಗೆ ಮದುವಿಯಾದ ಅಣ್ಣತಮ್ಮ ಒಂದೇ ಒಲಿ ಉಣ್ಣೋ ಮನಿ ಯಾವುದೈತೆ ತೋರ್ಸ್ರಿ’ ಎಂದು ಬಂದವರಿಗೆಲ್ಲ ಕೇಳುತ್ತಿದ್ದಳು. ಬಂದವರು ಕಾಫಿ ಕುಡಿಯುತ್ತಿದ್ದರು.

ಅಲ್ಲಿಯವರೆಗೆ ಇದ್ದದ್ದು ಒಂದೇ ಫೋನು, ಅಣ್ಣನ ಗಾದಿಯ ಮೇಲೆ. ಜಿನ್ನಿನ ವಿಷಯಕ್ಕೆ ಕರೆ ಬಂದರೆ ಉಚ್ಚೆಂಗಪ್ಪ ಅಂಗಳದ ಕಡೆ ಕೂಗುತ್ತಿದ್ದ. ಏಕಾಂತಪ್ಪ ತಲೆತುಂಬ ಹತ್ತಿಯ ಎಳೆ ಹೊತ್ತುಕೊಂಡು ಓಡಿಬರುತ್ತಿದ್ದ. ಬಂದವನು ಕೂರುವಂತಿಲ್ಲ. ಅಣ್ಣನ ಮುಂದೆ ತಮ್ಮ ಕೂರುವುದಿಲ್ಲ, ದನಿ ಏರಿಸುವುದಿಲ್ಲ, ಅಣ್ಣ ಆಡಿದ ಮಾತಿಗೆ ‘ಬ್ಯಾಡ’ ಅನ್ನುವುದಿಲ್ಲ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಉಸಿರಾಡುವುದನ್ನು ಯಾರೂ ಹೇಳಿಕೊಡದ ಹಾಗೆ. ನಿಂತೇ, ಅಣ್ಣನ ಮುಖ ನೋಡುತ್ತಲೇ, ಪಿಸುದನಿಯಲ್ಲಿ ಮಾತಾಡುತ್ತಿದ್ದ. ಆಚೆ ತುದಿಯವರು ಇದು ಯಾರೋ ಕಾಯಿಲೆಯ ಮನುಷ್ಯ ಅಂದುಕೊಳ್ಳುತ್ತಿದ್ದರು.

ಅದಕ್ಕೇ ಮೂರು ಫೋನು. ಗಾದಿಗೊಂದು, ಜಿನ್ನಿಗೊಂದು, ಮನೆಗೊಂದು, ಮೂರನ್ನೂ ಕೂಡಿಸುವ ಒಂದು ಮರದ ಪೆಟ್ಟಿಗೆ. ಅದರ ಮುಖದ ಮೇಲೆ ಒತ್ತಿದರೆ ಫೋನು ಕೂಡಿಸುವ ಹಿತ್ತಾಳೆಯ ಕೀಲಿಗಳು, ಪ್ರತಿ ಕೀಲಿಯ ಮೇಲೊಂದು ಕಣ್ಣುರೆಪ್ಪೆಯಂಥ ತಗಡು. ಕರೆ ಬಂದಾಗ ಆ ರೆಪ್ಪೆ ಟಪ್ಪನೆ ಬೀಳುತ್ತಿತ್ತು. ಸ್ಟೇಷನ್ನಿನಿಂದ ಜಟಕಾದಲ್ಲಿ ಬಂದ ಪೆಟ್ಟಿಗೆಗೆ ಉಚ್ಚೆಂಗಪ್ಪ ಚೆಂಡುಹೂವಿನ ಹಾರ ಹಾಕಿಸಿದ್ದ. ಕುದುರೆಗೆ ಹಾಕಿರಲಿಲ್ಲ. ಹಾರ ನೋಡಿ ಕುದುರೆಗೇನನ್ನಿಸಿತೋ, ಪೇಟೆಗೆ ಮಾತ್ರ ಹೊಟ್ಟೆಯುರಿ ಹತ್ತಿತು. ಹತ್ತಿಗೆ ಬೆಂಕಿ ಬೇಗ ಹತ್ತುತ್ತದೆ.

ಪೆಟ್ಟಿಗೆ ಕೂರಿಸಲು ಹರಿಹರದಿಂದ ಬಂದವನು ಮೆಕ್ಯಾನಿಕ್ ಮಕ್ತುಮ್ ಸಾಬ್. ತಂತಿ ಎಳೆದು, ತಿರುಪು ಬಿಗಿದು, ಬೆವರು ಒರೆಸಿಕೊಂಡು ಅಣ್ಣತಮ್ಮರ ಮುಂದೆ ನಿಂತ.

“ಈಗ ಹೇಳ್ರಿ ಸಾವ್ಕಾರ್ರೆ, ಯಾವ ನಮೂನಿ ಇಡಾಣ? ಮೂರು ನಮೂನಿ ಐತೆ. ಒಂದ್ನೇದು, ಪೆಟ್ಟಿಗಿ ಮುಂದೆ ಒಬ್ರನ್ನ ಕೂರ್ಸೋದು. ಹೊರಗ್ಲಿಂದ ಬಂದಿದ್ದೆಲ್ಲಾ ಅವರು ಎತ್ತಿ ಯಾರಿಗೆ ಬೇಕೋ ಅವರಿಗೆ ಕೊಡ್ತಾರೆ. ಎರಡ್ನೇದು, ಬಂದಿದ್ದೆಲ್ಲಾ ಒಬ್ರಿಗೇ ಸೀದಾ ಹೋಗೋದು, ಉಳಿದೋರು ಅವರನ್ನ ಕೇಳಿ ತಗಣದು. ಮೂರ್ನೇದು, ಎಲ್ಲಾ ಫೋನೂ ಒಟ್ಟಿಗೆ ಬಡಕಣದು. ಮೊದ್ಲು ಎತ್ತಿದೋರದು ಮಾತು.”

ಉಚ್ಚೆಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ, “ಎಲ್ಲಾ ನಮ್ ತಮ್ಮಗೆ ಬಿಟ್ಟಿದ್ದು” ಎಂದ.

ಏಕಾಂತಪ್ಪ ನೆಲ ನೋಡುತ್ತ, “ಅಣ್ಣ ಹೇಳಿದಂಗೆ” ಎಂದ.

“ಹಂಗಲ್ಲ, ಎರಡ್ನೇ ನಮೂನಿ ಮಾಡಿದ್ರೆ ಯಾರಿಗೆ ಸೀದಾ ಕೊಡಾಣ?” ಎಂದ ಮಕ್ತುಮ್ ಸಾಬ್.

“ಅವಂಗೇ ಕೊಡು.”

“ಅಣ್ಣಗೇ ಕೊಡ್ರಿ.”

ಅವರ ಭಾಷೆ ತಿಳಿದವರಿಗೆ ಇದರ ಅರ್ಥ ಸ್ಪಷ್ಟ. ‘ಅವಂಗೇ’ ಎಂದರೆ ‘ನನಗೇ, ಆದರೆ ನಾನು ಕೇಳಿದ ಹಾಗೆ ಇರಬಾರದು.’ ‘ಅಣ್ಣಗೇ’ ಎಂದರೆ ‘ನನಗೇ, ಆದರೆ ಅಣ್ಣ ಕೊಟ್ಟ ಹಾಗೆ ಇರಬೇಕು.’ ಮಕ್ತುಮ್ ಸಾಬನಿಗೆ ಟೆಲಿಫೋನಿನ ತಂತಿ ಗೊತ್ತಿತ್ತು, ಈ ತಂತಿ ಗೊತ್ತಿರಲಿಲ್ಲ.

“ಹೋಗ್ಲಿ, ಒಂದ್ನೇದು?”

“ಪೆಟ್ಟಿಗಿ ಮುಂದೆ ಹೊರಗಿನೋರನ್ನ ಕೂರ್ಸಿದ್ರೆ ನಮ್ ರೇಟು ಸಂಜಿಗೆ ಪೇಟಿ ತುಂಬಾ ಇರ್ತೈತೆ” ಎಂದ ಉಚ್ಚೆಂಗಪ್ಪ. ನಾಗಕ್ಕ ಕೂತರೆ ತಮ್ಮನಿಗೆ ಅನುಮಾನ, ಯಲ್ಲಕ್ಕ ಕೂತರೆ ಅಣ್ಣನಿಗೆ ಅನುಮಾನ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೀಗೆ ಯಾರಿಗೂ ಬೇಡದ ಮೂರನೇ ನಮೂನೆ ಎಲ್ಲರ ಒಪ್ಪಿಗೆಯಿಂದ ಆಯ್ಕೆಯಾಯಿತು.

ಬಾಗಿಲಲ್ಲಿ ನಿಂತಿದ್ದ ಕೊಟ್ರವ್ವ ಒಂದೇ ಮಾತು ಕೇಳಿದಳು. “ತಂತಿ ಎಲ್ಲಾ ಒಂದೇ ಪೆಟ್ಟಿಗಿಗೆ ಬರ್ತಾವೇನಪ್ಪಾ?”

“ಒಂದೇ ಪೆಟ್ಟಿಗಿಗೆ ಅಮ್ಮಾ.”

“ಹಂಗಾದ್ರೆ ಆತು” ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮೊದಲ ಕರೆ ಬಂತು. ಮೂರೂ ಫೋನು ಒಟ್ಟಿಗೆ ಬಡಿದುಕೊಂಡವು. ಅಂಗಳದ ಹಮಾಲರು ಚೀಲ ಇಳಿಸಿ ಕಿವಿಗೊಟ್ಟರು, ಎದುರು ಅಂಗಡಿಯವನು ಹಲ್ಲು ಕಡಿದ.

ಜಿನ್ನಿನಲ್ಲಿ ಏಕಾಂತಪ್ಪ ಫೋನಿನ ಮೇಲೆ ಕೈ ಇಟ್ಟು ನಿಂತ. ಅಣ್ಣ ಎತ್ತುವ ಮುಂಚೆ ತಾನು ಎತ್ತಿದರೆ ಹೇಗೆ? ಊಟದ ತಟ್ಟೆಗೇ ಅಣ್ಣನಿಗಿಂತ ಮೊದಲು ಕೈ ಹಾಕಿದವನಲ್ಲ. ಗಾದಿಯಲ್ಲಿ ಉಚ್ಚೆಂಗಪ್ಪ ಫೋನು ನೋಡುತ್ತ ಕೂತ. ಗಂಟೆ ಬಾರಿಸಿದ ಕೂಡಲೇ ಎದ್ದು ಬಾಗಿಲು ತೆಗೆಯುವುದು ಮನೆಯ ಯಜಮಾನನ ಕೆಲಸವೇ? ತಮ್ಮ ಎತ್ತಲಿ, ‘ಅಣ್ಣಾ, ನಿಮಗೆ’ ಎನ್ನಲಿ, ಆಗ ಎತ್ತಿದರಾಯಿತು. ಮನೆಯಲ್ಲಿ ನಾಗಕ್ಕ ಯಲ್ಲಕ್ಕನ ಮುಖ ನೋಡಿದಳು, ಯಲ್ಲಕ್ಕ ನಾಗಕ್ಕನ ಮುಖ ನೋಡಿದಳು, ಇಬ್ಬರೂ ಗಂಡಸರ ಫೋನು ಎಂದು ರೊಟ್ಟಿಯ ಮುಖ ನೋಡಿದರು. ಗಂಟೆ ಬಡಿದು ಬಡಿದು ಸುಸ್ತಾಗಿ ನಿಂತಿತು.

ಮಧ್ಯಾಹ್ನವೂ ಅದೇ, ಸಂಜೆಯೂ ಅದೇ. ಅಣ್ಣನಿಗೆ ತಮ್ಮ ಬೇಕೆಂದೇ ಎತ್ತುತ್ತಿಲ್ಲ ಅನ್ನಿಸಿತು. ತಮ್ಮನಿಗೆ ಅಣ್ಣ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಅನ್ನಿಸಿತು. ದೂರವಾಣಿ ಅನ್ನುವುದು ಆ ಮನೆಯಲ್ಲಿ ಒಂದೇ ದಿನಕ್ಕೆ ದೂರು ವಾಣಿಯಾಯಿತು, ಅದೂ ಯಾರೂ ಒಂದು ಮಾತೂ ಆಡದೆ.

ಅದರ ಮರುದಿನ ಮೊದಲನೇ ಬಸ್ಸಿಗೆ ಹರಿಹರದ ಮಲ್ಲೇಶಪ್ಪ ಬಂದಿಳಿದ. ದನಕ್ಕೆ ಹಾಕುವ ಹತ್ತಿಕಾಳು, ಹಿಂಡಿಯ ವ್ಯಾಪಾರಿ. ಇವರ ಜಿನ್ನಿನ ಕಾಳೆಲ್ಲ ವರ್ಷವೂ ಅವನಿಗೇ ಹೋಗುತ್ತಿತ್ತು. ಬಾಯಲ್ಲಿ ಎಲೆಅಡಿಕೆ ಇಲ್ಲದ ಮಲ್ಲೇಶಪ್ಪನನ್ನು ಯಾರೂ ನೋಡಿರಲಿಲ್ಲ. ಅವತ್ತು ಬಾಯಿ ಖಾಲಿ. ಹೆಗಲ ಮೇಲೆ ಬಿಳಿ ಟವೆಲ್ಲು. ಗಾದಿಗೆ ಬರದೆ ಹೊರಗಿನ ಜಗುಲಿಯ ಮೇಲೇ ಕೂತು ನಿಟ್ಟುಸಿರು ಬಿಟ್ಟ.

ನಮ್ಮ ಕಡೆ ಸಾವಾದ ಮನೆಗೆ ಹೋದವರು ‘ಯಾರು, ಏನು’ ಎಂದು ಕೇಳುವುದಿಲ್ಲ. ಸುಮ್ಮನೆ ಕೂರುತ್ತಾರೆ. ಹೇಳುವವರು ಹೇಳಲಿ. ದುಃಖದಲ್ಲಿದ್ದವನು ತಾನಾಗಿ ಮನೆಗೆ ಬಂದರೂ ಅದೇ ನೇಮ.

ಉಚ್ಚೆಂಗಪ್ಪ ಗಾದಿಯಿಂದ ನೋಡಿದ. ಮಲ್ಲೇಶಪ್ಪನ ಮನೆಯಲ್ಲಿ ಯಾರೋ ಹೋಗಿದ್ದಾರೆ, ಪಾಪ. ಎದ್ದು ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಜಗುಲಿಯಲ್ಲಿ ಕೂತಿದ್ದು ಕಂಡು ಏಕಾಂತಪ್ಪನೂ ಬಂದು ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತ; ಸಾವಿನ ಹೊತ್ತಿಗೆ ಮಾತ್ರ ಅಣ್ಣನ ಮುಂದೆ ಕೂರಬಹುದಿತ್ತು. ಹಮಾಲರು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು.

“ಎಲ್ಲಾ ಅವನ ಇಚ್ಛೆ” ಎಂದ ಉಚ್ಚೆಂಗಪ್ಪ.

“ನಮ್ ಕೈಯಾಗೆ ಏನೈತೆ” ಎಂದ ಮಲ್ಲೇಶಪ್ಪ.

“ವಯಸ್ಸೂ ಆಗಿತ್ತೇನೋ.”

“ಆಗಿತ್ತಲ್ಲ. ನಿಮಗೇ ಗೊತ್ತಲ್ಲ.”

“ಭಾಳ ನರಳಿದ್ರೇನು?”

“ಅದನ್ನ ನೀವು ಹೇಳ್ಬೇಕ್ರಿ, ಹತ್ರ ಇದ್ದೋರು.”

ಉಚ್ಚೆಂಗಪ್ಪನಿಗೆ ಇದು ಎತ್ತ ಹೋಗುತ್ತಿದೆ ತಿಳಿಯಲಿಲ್ಲ. ದುಃಖದಲ್ಲಿ ಮನುಷ್ಯ ಏನೋ ಮಾತಾಡುತ್ತಾನೆ ಎಂದು ಅವನ ಬೆನ್ನು ಸವರಿದ. ಮಲ್ಲೇಶಪ್ಪ ತಿರುಗಿ ಅವನ ಬೆನ್ನು ಸವರಿದ. ಒಬ್ಬರ ಬೆನ್ನನ್ನು ಒಬ್ಬರು ಸವರುತ್ತಿರುವಾಗ ಒಳಗಿನಿಂದ ಕೊಟ್ರವ್ವ ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದಳು.

ಮಲ್ಲೇಶಪ್ಪ ಎದ್ದು ನಿಂತುಬಿಟ್ಟ. “ಅವ್ವಾ, ನೀವು ಅದೀರಾ?”

“ಇನ್ನೆಲ್ಲಿ ಹೋಗ್ಲೋ ಮಲ್ಲೇಶಿ?”

“ಅಲ್ಲ, ನಾನು... ಹೆಂಗ್ ಹೇಳ್ಲಿ...” ಟವೆಲ್ಲಿನಿಂದ ಮುಖ ಒರೆಸಿಕೊಂಡ. “ನಿನ್ನೆಲ್ಲಾ ಟ್ರಂಕ್ ಕಾಲ್ ಹಾಕ್ಸೀನವ್ವಾ. ಗಂಟಿ ಹೋಗ್ತೈತೆ, ಎತ್ತೋರಿಲ್ಲ ಅಂತಾರೆ. ಮೂರು ಫೋನ್ ಇರೋ ಮನ್ಯಾಗೆ ಒಬ್ರೂ ಎತ್ತಲ್ಲ ಅಂದ್ರೆ ನಾನೇನ್ ತಿಳ್ಕಾಬೇಕು? ಎಲ್ರೂ ಮಣ್ಣಿಗೆ ಹೋಗ್ಯಾರೆ ಅಂದ್ಕಂಡೆ.”

“ಯಾರ ಮಣ್ಣಿಗೆ?”

ಮಲ್ಲೇಶಪ್ಪ ಟವೆಲ್ಲಿನ ಅಂಚು ಮಡಿಸತೊಡಗಿದ. ಮನೆಯಲ್ಲಿ ವಯಸ್ಸಾದವಳು ಒಬ್ಬಳೇ.

ಕೊಟ್ರವ್ವ ತಟ್ಟೆಯನ್ನು ಜಗುಲಿಯ ಮೇಲಿಟ್ಟಳು. “ಬಂದಿದ್ದು ಬಂದಿ, ಕಾಫಿ ಕುಡಿ. ಸತ್ತೋಳ ಕೈ ಕಾಫಿ ಯಾರಿಗೆ ಸಿಗ್ತೈತೆ” ಎಂದು, ಆಮೇಲೆ ಮಕ್ಕಳ ಕಡೆ ತಿರುಗಿದಳು. “ಯಾಕ ಎತ್ಲಿಲ್ಲ?”

“ಅಣ್ಣ ಎತ್ಲಿ ಅಂತ” ಎಂದ ಏಕಾಂತಪ್ಪ.

“ಅವ್ನು ಎತ್ತಿ ಕೊಡ್ಲಿ ಅಂತ” ಎಂದ ಉಚ್ಚೆಂಗಪ್ಪ.

ಮಲ್ಲೇಶಪ್ಪ ನಗು ತಡೆಯಲಾರದೆ ಕಾಫಿ ಚೆಲ್ಲಿಕೊಂಡ. ಹಮಾಲರು ರುಮಾಲಿನಲ್ಲಿ ಬಾಯಿ ಮುಚ್ಚಿಕೊಂಡರು. ಏಕಾಂತಪ್ಪನ ಮುಖ ಕಪ್ಪಿಟ್ಟಿತು. ಹೊರಗಿನವರು ಎದ್ದು ಹೋದ ಮೇಲೆ, ನೆಲ ನೋಡುತ್ತಲೇ, ಅವನು ಒಂದು ಮಾತು ಹೇಳಿದ.

“ಅವ್ವಾ, ಜಿನ್ನಿಗೆ ನಾನೊಂದು ಬ್ಯಾರೆ ಲೈನ್ ತಗಂತೀನಿ.”

‘ಬ್ಯಾರೆ’ ಎನ್ನುವ ಪದ ಆ ಮನೆಯಲ್ಲಿ ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಉಚ್ಚೆಂಗಪ್ಪ ಗಾದಿಯ ಕಡೆ ಹೊರಳುತ್ತ, “ತಗಳ್ಳಿ ಬಿಡವ್ವಾ, ನಂದೇನು ತಕರಾರು” ಎಂದ. ಕೊಟ್ರವ್ವನಿಗೆ ಎಲ್ಲೋ ಕಲ್ಲು ಎತ್ತಿಟ್ಟ ಸದ್ದು ಕೇಳಿತು. ಅವತ್ತು ಅವಳು ಊಟ ಮಾಡಲಿಲ್ಲ. ಮಕ್ಕಳು ಒಂದೇ ಒಲೆಯ ರೊಟ್ಟಿಯನ್ನು ಬೆನ್ನು ತಿರುಗಿಸಿಕೊಂಡು ಉಂಡರು.

ಬೇರೆ ಲೈನಿನ ಮಾತಿಗೆ ಮಕ್ತುಮ್ ಸಾಬನನ್ನು ಕರೆಸಿದಾಗ ಅವನು, ಮೇಲಿನವರು ಒಪ್ಪಬೇಕು, ಸೋಮವಾರ ಬಂದು ಹೇಳುತ್ತೇನೆ ಎಂದ. ಹೊರಡುವವನನ್ನು ಕೊಟ್ರವ್ವ ಪಡಸಾಲೆಯಲ್ಲಿ ತಡೆದಳು.

“ಸಾಬಣ್ಣ, ಆ ಒಂದ್ನೇ ನಮೂನಿ ಯಾಕ ಬ್ಯಾಡಂದ್ರು?”

“ಪೆಟ್ಟಿಗಿ ಮುಂದೆ ಕೂರೋರು ಯಾರೂ ಇಲ್ಲಂತೆ ಅಮ್ಮಾ.”

“ನಾನು ಯಾರ ಕಣ್ಣಿಗೂ ಕಾಣ್ಲಿಲ್ಲೇನು?”

“ಬೊಂಬಾಯಿಯಿಂದ ಕರೆ ಬರ್ತಾವಲ್ಲಮ್ಮಾ, ಅವರು ಹಿಂದಿ ಮಾತಾಡ್ತಾರೆ.”

“ಅವರಿಗೆ ಹತ್ತಿ ಬೇಕೋ ಬ್ಯಾಡೋ?”

“ಬೇಕಲ್ಲ.”

“ಬೇಕಿದ್ರೆ ತಿಳ್ಕಂತಾರೆ. ಪೆಟ್ಟಿಗಿ ಇಲ್ಲಿ ತಂದಿಡು, ಒಲಿ ಕಾಣಂಗೆ.”

ಹೀಗೆ ಪೆಟ್ಟಿಗೆ ಅಂಗಡಿಯಿಂದ ಪಡಸಾಲೆಗೆ ಬಂತು. ಕೊಟ್ರವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆ ಚಕ್ಕಳಮಕ್ಕಳ ಹಾಕಿದಳು. ಒಂದು ರೆಪ್ಪೆಗೆ ದೊಡ್ಡೋನು ಎಂದೂ ಇನ್ನೊಂದಕ್ಕೆ ಸಣ್ಣೋನು ಎಂದೂ ಹೆಸರಿಟ್ಟಳು. ಹಲೋ ಅನ್ನಲು ಒಪ್ಪಲಿಲ್ಲ. “ಯಾರಪ್ಪಾ? ಯಾವೂರು? ಉಂಡ್ಯಾ?” ಈ ಮೂರಕ್ಕೂ ಉತ್ತರ ಕೊಡದವರಿಗೆ ಗಾದಿಯೂ ಸಿಗುತ್ತಿರಲಿಲ್ಲ, ಜಿನ್ನೂ ಸಿಗುತ್ತಿರಲಿಲ್ಲ. ಬೊಂಬಾಯಿಯ ಸೇಠ್ ಒಬ್ಬ ಎರಡು ಸಲ ಸಿಟ್ಟಾಗಿ ಇಟ್ಟುಬಿಟ್ಟ. ಮೂರನೇ ಸಲ ‘ಉಂಡೆ ಅವ್ವಾ’ ಅನ್ನಲು ಕಲಿತ. ಕನ್ನಡಕ್ಕಾಗಿ ಯಾರ್‍ಯಾರೋ ಏನೇನೋ ಮಾಡಿದ್ದಾರೆ. ಉಣ್ಣಿಸಿ ಕಲಿಸಿದವಳು ಇವಳೊಬ್ಬಳು.

ತಪ್ಪೂ ಮಾಡುತ್ತಿದ್ದಳು. ಅರಳೆಯ ಅಂಡಿಗೆ, ಅಂದರೆ ಬಿಗಿದು ಕಟ್ಟಿದ ಹತ್ತಿಯ ಮೂಟೆ, ಕೇಳಿದವರನ್ನು ಜಿನ್ನಿಗೆ ಕಳಿಸುತ್ತಿದ್ದಳು, ಜಿನ್ನಿನ ಬೆಲ್ಟ್ ಮಾರುವವನನ್ನು ಗಾದಿಗೆ. ಒಮ್ಮೆ ಯಾರದೋ ಮಾತು ಮುಗಿಯುವ ಮುಂಚೆ ಸಾರು ಉಕ್ಕಿತೆಂದು ಕೀಲಿ ಎಳೆದುಬಿಟ್ಟಳು. ಆದರೆ ಗಂಟೆ ಬಡಿದರೆ ಎತ್ತುವವರಿದ್ದರು. ಅವ್ವ ಎತ್ತಿ ಕೊಟ್ಟಿದ್ದನ್ನು ತೆಗೆದುಕೊಳ್ಳಲು ಯಾವ ಮಗನ ಮರ್ಯಾದೆಯೂ ಕುಂದುವುದಿಲ್ಲ; ಇಬ್ಬರೂ ಅವಳ ಕೈಯ ತುತ್ತನ್ನೇ ತಿಂದು ಬೆಳೆದವರು.

ಆದರೂ ಏಕಾಂತಪ್ಪ ಬೇರೆ ಲೈನಿನ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಕರೆ ಬಂದರೇನು, ದೊಡ್ಡ ವ್ಯಾಪಾರದ ಮಾತು ಬಂದಾಗ ‘ಅಣ್ಣನ್ನ ಕೇಳಿ ಹೇಳ್ತೀನಿ’ ಎಂದೇ ಮುಗಿಸಬೇಕು. ಕೇಳಲು ಹೋದರೆ ನಿಲ್ಲಬೇಕು, ನಿಂತರೆ ನಾಲಿಗೆ ಮಲಗುತ್ತಿತ್ತು. ಇದು ಕೊಟ್ರವ್ವನಿಗೆ ತಂತಿಯಲ್ಲಿ ಕೇಳಿಸಿತು. ಕದ್ದು ಕೇಳುವುದು ಎಂದು ಅವಳು ಅದನ್ನು ಅಂದುಕೊಂಡಿರಲಿಲ್ಲ. ಸ್ವಂತ ಮಕ್ಕಳ ಮಾತನ್ನು ಕದಿಯುವುದು ಹೇಗೆ?

ಸೋಮವಾರ ಬೆಳಿಗ್ಗೆ ಹರಿಹರದಿಂದ ಮಲ್ಲೇಶಪ್ಪನ ಟ್ರಂಕ್ ಬಂತು.

“ಅವ್ವಾ, ಉಂಡೀನಿ, ಚೆನ್ನಾಗದೀನಿ, ಯಾರೂ ಸತ್ತಿಲ್ಲ” ಎಂದು ಒಂದೇ ಉಸಿರಿಗೆ ಒಪ್ಪಿಸಿದ. “ಈ ಸುಗ್ಗಿ ಕಾಳೆಲ್ಲಾ ನಂಗೇ ಬೇಕು. ದೊಡ್ಡ ಸಾವ್ಕಾರ್ರಿಗೆ ಕೊಡ್ರಿ.”

ಕೊಟ್ರವ್ವ ದೊಡ್ಡೋನ ಕೀಲಿ ಒತ್ತಿದಳು. ಎರಡು ಕೀಲಿ ಒಟ್ಟಿಗೆ ಒತ್ತಬಾರದು, ಒತ್ತಿದರೆ ಎಲ್ಲರೂ ಒಂದೇ ಮಾತಿನಲ್ಲಿ ಬೀಳುತ್ತಾರೆ ಎಂದು ಮಕ್ತುಮ್ ಸಾಬ್ ಹೇಳಿಹೋಗಿದ್ದ. ಬೀಳಲಿ ಎಂದುಕೊಂಡಳು. ಸಣ್ಣೋನ ಕೀಲಿಯನ್ನೂ ಒತ್ತಿದಳು.

“ನಿಮ್ ಅಣ್ಣಂದೂ ಮಲ್ಲೇಶಿದೂ ಕಾಳಿನ ಮಾತು ನಡದೈತೆ, ಕೇಳು” ಎಂದು ತಮ್ಮನಿಗೆ ಹೇಳಿ ತಾನು ಬಾಯಿ ಮುಚ್ಚಿಕೊಂಡಳು.

ಗಾದಿಯಿಂದ ಉಚ್ಚೆಂಗಪ್ಪನ ದನಿ. “ಆತು ಬಿಡ್ರಿ ಮಲ್ಲೇಶಪ್ಪಾರೆ, ನೀವೇನು ಹೊಸಬ್ರಾ. ಹೋದ ವರ್ಷದ ರೇಟಿಗೇ ತಗಂಡ್ ಹೋಗ್ರಿ.”

ತಂತಿಯಲ್ಲಿ ಯಾರೋ ಉಸಿರು ಎಳೆದುಕೊಂಡ ಸದ್ದಾಯಿತು.

“ಅಣ್ಣಾ, ಬ್ಯಾಡ.”

ಕೊಟ್ರವ್ವನ ಕೈ ಕೀಲಿಯ ಮೇಲೇ ನಿಂತಿತು. ಹುಟ್ಟಿದಾಗಿನಿಂದ ಆ ಹುಡುಗ ಅಣ್ಣನಿಗೆ ಹೇಳಿದ ಮೊದಲ ‘ಬ್ಯಾಡ’ ಅದು. ಹುಡುಗನಿಗೆ ಕಿವಿಯ ಪಕ್ಕ ನೆರೆಗೂದಲು ಬಂದಿತ್ತು.

“ಹೋದ ವರ್ಷ ಕಾಳು ಮಳಿಗೆ ನೆಂದಿತ್ತು, ಅದಕ್ಕೆ ಆ ರೇಟು” ಏಕಾಂತಪ್ಪನ ದನಿ ಪಿಸುಗುಡುತ್ತಿರಲಿಲ್ಲ. “ಈ ವರ್ಷ ಕೈಯಾಗೆ ಹಿಡಿದ್ರೆ ಗಲಗಲ ಅಂತೈತೆ. ಒಂದು ಹುಳ ಇಲ್ಲ. ಇದನ್ನ ನೆಂದ ಕಾಳಿನ ಜೋಡಿ ತೂಗಿದ್ರೆ ನಮ್ ಜಿನ್ನಿಗೇ ಅವಮಾನ ಅಣ್ಣಾ. ಮಲ್ಲೇಶಪ್ಪಾರು ಬಂದು ನೋಡ್ಲಿ. ನೋಡಿ ಅವರೇ ರೇಟು ಹೇಳ್ಲಿ.”

ಏಕಾಂತಪ್ಪ ಕೂತು ಮಾತಾಡುತ್ತಿದ್ದ. ಕುರ್ಚಿಯಲ್ಲಿ ಒರಗಿ, ಕಾಲ ಮೇಲೆ ಕಾಲು ಹಾಕಿಕೊಂಡು. ಅಣ್ಣನ ಮುಖ ಎದುರಿಗಿರಲಿಲ್ಲ. ಇದ್ದದ್ದು ಅಣ್ಣನ ಕಿವಿ ಮಾತ್ರ. ಮುಖಕ್ಕೆ ಹೆದರಬಹುದು, ಕಿವಿಗೆ ಯಾರು ಹೆದರುತ್ತಾರೆ? ನಡುವೆ ಒಂದು ಅಂಗಳದ ದೂರ ಬಿದ್ದಿದ್ದಕ್ಕೇ ಅವರು ಅಷ್ಟು ಹತ್ತಿರ ಬಂದರು.

ಒಲೆಯ ಮೇಲೆ ಏನೋ ಸೀಯುವ ವಾಸನೆ ಬಂತು. ಕೊಟ್ರವ್ವ ಏಳಲಿಲ್ಲ. ಈಗ ದೊಡ್ಡವನು ಫೋನು ಕುಕ್ಕಿದರೆ ಬೇರೆ ಲೈನು, ಬೇರೆ ಒಲೆ, ಬೇರೆ ಗೋಡೆ. ಎರಡು ಕೀಲಿಯನ್ನೂ ಒತ್ತಿದ್ದು ಅವಳದೇ ಕೈ.

“ಮಲ್ಲೇಶಪ್ಪಾರೆ” ಎಂದ ಉಚ್ಚೆಂಗಪ್ಪ. “ನಮ್ ತಮ್ಮ ಹೇಳಿದ್ದು ಕೇಳಿದ್ರಲ್ಲ. ಕಾಳಿನ ಮಾತು ಅವಂದು. ಬಂದು ಅವನ ಹತ್ರ ನೋಡ್ರಿ.”

“ಕೇಳ್ದೆ, ಕೇಳ್ದೆ. ಅಲ್ರಿ ಸಾವ್ಕಾರ್ರೆ, ಈ ತಮ್ಮನ್ನ ಇಷ್ಟು ದಿನ ಎಲ್ಲಿ ಇಟ್ಟಿದ್ರಿ?”

“ಜಿನ್ನಿನಾಗೇ ಇದ್ದ. ಫೋನ್ ಇರ್ಲಿಲ್ಲ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಜಟಕಾದಿಂದ ಪೆಟ್ಟಿಗೆ ಇಳಿಸಿದ ದಿನದ ಜಂಬವೂ ಅಲ್ಲ. ಅದಕ್ಕಿಂತ ತೂಕದ್ದು ಏನೋ ಇತ್ತು. ತನ್ನ ಬೆನ್ನ ಹಿಂದೆ ಇಷ್ಟು ವರ್ಷ ಒಬ್ಬ ಗಂಡಸು ಬೆಳೆದಿದ್ದಾನೆ ಎಂದು ಅವನಿಗೆ ಟ್ರಂಕ್ ಕಾಲಿನಲ್ಲಿ ತಿಳಿದಿತ್ತು.

ಅದೇ ದಿನ ಮಧ್ಯಾಹ್ನ ಮಕ್ತುಮ್ ಸಾಬ್ ಬಂದ. ಮೇಲಿನವರು ಒಪ್ಪಿದ್ದಾರೆ, ಏಕಾಂತಪ್ಪ ಹೂಂ ಅಂದರೆ ಜಿನ್ನಿಗೆ ಬೇರೆ ಕಂಬದಿಂದ ತಂತಿ ಎಳೆಯಬಹುದು ಎಂದ. ಏಕಾಂತಪ್ಪ ತಲೆಯ ಮೇಲಿನ ಹತ್ತಿ ಕೊಡವಿಕೊಂಡ.

“ಸಾಬ್ರೆ, ಬ್ಯಾರೆ ಲೈನಿಗೆ ಅಣ್ಣಂದೂ ನಂದೂ ಕೂಡಿಸೋ ಕೀಲಿ ಇರ್ತೈತೇನು?”

“ಇರಲ್ಲ ಸಣ್ಣ ಸಾವ್ಕಾರ್ರೆ. ಬ್ಯಾರೆ ಅಂದ್ರೆ ಬ್ಯಾರೆನೇ.”

“ಹಂಗಾದ್ರೆ ಬ್ಯಾಡ ಬಿಡ್ರಿ. ನಮ್ಮವ್ವನ ನಮೂನಿನೇ ಇರ್ಲಿ.”

“ಅದು ನಮ್ ಪುಸ್ತಕದಾಗೆ ಇಲ್ಲದ ನಮೂನಿ” ಎಂದ ಮಕ್ತುಮ್ ಸಾಬ್. “ಎರಡೂ ಕೀಲಿ ಒತ್ತಬ್ಯಾಡ್ರಿ ಅಂತ ಹೇಳಿದ್ದೆ.”

ಕೊಟ್ರವ್ವ ಅವನಿಗೆ ಕಾಫಿ ಕೊಟ್ಟಳು.

ಪೇಟೆಯಲ್ಲಿ ಸುದ್ದಿ ಹರಡಿತು. ಎರಡು ಫೋನಿನ ಮಹಾ ಸಾಹುಕಾರರು ಸಂಜೆ ಒಬ್ಬೊಬ್ಬರಾಗಿ ಪಡಸಾಲೆಗೆ ಬಂದು, ಒಲೆ ಕಾಣುವ ಹಾಗೆ ಕೂತ ಪೆಟ್ಟಿಗೆಯನ್ನೂ ಅದರ ಮುಂದೆ ಕೂತ ಮುದುಕಿಯನ್ನೂ ನೋಡಿ ಹೋದರು. ಮೂರು ಫೋನು ದುಡ್ಡಿಗೆ ಸಿಗುತ್ತದೆ, ನಾಲ್ಕನೆಯದೂ ಸಿಗುತ್ತದೆ. ಮುಂದೆ ಕೂರಿಸಲು ಇಂಥ ಅವ್ವ ಯಾವ ಇಲಾಖೆಗೆ ಅರ್ಜಿ ಹಾಕಿದರೂ ಸಿಗುವುದಿಲ್ಲ ಎಂದು ಅವರಿಗೆ ಹೊಳೆದಂತಿತ್ತು. ಹತ್ತಿ ಪೇಟೆಯಲ್ಲಿ ಹೊಗಳಿಕೆ ಮಾತಿನಲ್ಲಿ ಬರುವುದಿಲ್ಲ, ಹೊಟ್ಟೆಯುರಿಯ ಹೊಗೆಯಲ್ಲಿ ಬರುತ್ತದೆ.

ಎರಡು ದಿನ ಬಿಟ್ಟು ಉಣ್ಣುವ ಹೊತ್ತಿಗೆ ಸಣ್ಣೋನ ರೆಪ್ಪೆ ಬಿತ್ತು.

“ಅವ್ವಾ, ಅಣ್ಣಗೆ ಕೊಡು.”

ಕೊಟ್ಟಳು. ಅರಳೆಯ ಅಂಡಿಗೆಗೆ ಯಾವ ಹಗ್ಗ ಕಟ್ಟಬೇಕು ಎಂಬ ಮಾತು. ಅಣ್ಣ ತೆಂಗಿನ ನಾರು ಅಂದ, ತಮ್ಮ ಸಣಬು ಅಂದ. ಅಣ್ಣನ ದನಿ ಏರಿತು. ತಮ್ಮನ ದನಿಯೂ ಏರಿತು. “ನಿಂಗೇನ್ ತಿಳೀತೈತೆ?” ಎಂದ ಒಬ್ಬ. “ಹತ್ತಿ ಹೊಟ್ಟಿನಾಗೆ ಕುಂತೋನು ನಾನಾ ನೀನಾ?” ಎಂದ ಇನ್ನೊಬ್ಬ. ಕೊಟ್ರವ್ವ ಕೇಳಿಸಿಕೊಳ್ಳುವ ಫೋನನ್ನು ಕಿವಿಯಿಂದ ತೆಗೆದು ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿದಳು. ಎರಡೂ ಕೀಲಿ ಒತ್ತಿದ ಹಾಗೇ ಇದ್ದವು.

ಒಲೆಯ ಮುಂದಿನಿಂದ ಯಲ್ಲಕ್ಕ ಕೇಳಿದಳು. “ಏನಂತೆ ಅತ್ತಿ?”

“ಜಗಳ ಮಾಡಾಕ ಹತ್ಯಾರೆ” ಎಂದಳು ಕೊಟ್ರವ್ವ. ಮುಖದಲ್ಲಿ ಬೆಳಕಿತ್ತು. “ಭಾಳ ಚೆನ್ನಾಗಿ ಮಾಡಾಕ ಹತ್ಯಾರೆ. ಹಂಚು ಇಳಿಸವ್ವಾ, ರೊಟ್ಟಿ ಆರಿದ್ರೆ ಆರ್ಲಿ. ಇಬ್ರೂ ತಡ ಮಾಡಿ ಬರ್ತಾರೆ. ಕೂಡೇ ಬರ್ತಾರೆ.”